ಕೈಗೆ ಒಗ್ಗಬೇಕಾದ ಪಿಸ್ತೂಲು: ಹೊಸಪೇಟೆ ಸೀಮೆಯಲ್ಲಿ ಆಯ್ಕೆ ಮತ್ತು ಬಳಕೆ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಯ ಸೀಮೆಯಲ್ಲಿ ಪರವಾನಗಿಯ ಬಂದೂಕು ಅಪರಿಚಿತ ವಸ್ತುವಲ್ಲ. ತುಂಗಭದ್ರೆಯ ಕಾಲುವೆ ನೀರಿನ ಬಾಳೆ, ಕಬ್ಬು ಮತ್ತು ಭತ್ತದ ಹೊಲಗಳ ಪಕ್ಕದಲ್ಲೇ ಕರಡಿ, ಚಿರತೆ ಮತ್ತು ಕಾಡುಹಂದಿಗಳು ಓಡಾಡುವ ಕುರುಚಲು ಬೆಟ್ಟಗಳಿರುವುದರಿಂದ, ಬೆಳೆ ರಕ್ಷಣೆಯ ಹೆಸರಿನಲ್ಲಿ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ಬಂದೂಕನ್ನು ಇಟ್ಟುಕೊಳ್ಳುವುದು ಇಂಥ ಪ್ರದೇಶಗಳ ಹಳೆಯ ರೂಢಿ. ಗಣಿ, ಸಾಗಣೆ ಮತ್ತು ನಗದು ವ್ಯವಹಾರಗಳಲ್ಲಿ ತೊಡಗಿದವರ ಬೇಡಿಕೆ ಇದಕ್ಕಿಂತ ಬೇರೆ. ಅವರು ಕೇಳುವುದು ಸೊಂಟದಲ್ಲಿ ಕಾಣದಂತೆ ಕೂರುವ, ತೂಕ ಕಡಿಮೆಯಿರುವ, ಹೊತ್ತುಕೊಂಡು ತಿರುಗಲು ತೊಡಕಾಗದ ಚಿಕ್ಕ ಪಿಸ್ತೂಲನ್ನು. ಗಾತ್ರ ಕಿರಿದಾದಷ್ಟೂ ಬಳಕೆ ಹಗುರ ಎಂಬ ಊಹೆ ಈ ಬೇಡಿಕೆಯ ಬೆನ್ನಿಗಿದೆ. ಯಂತ್ರಶಾಸ್ತ್ರದ ಲೆಕ್ಕ ಈ ಊಹೆಯನ್ನು ಒಪ್ಪುವುದಿಲ್ಲ: ಪಿಸ್ತೂಲು ಕಿರಿದಾದಂತೆ ಹೊರುವುದು ಸುಲಭವಾಗುತ್ತದೆ, ಹಾರಿಸುವುದು ಕಷ್ಟವಾಗುತ್ತದೆ. ಈ ಎರಡರ ನಡುವಿನ ಹೊಂದಾಣಿಕೆಯನ್ನು ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನಿರ್ಧರಿಸಲಾಗದು. ಅದು ಮೊದಲು ಕಾನೂನಿನಿಂದ, ಆಮೇಲೆ ಬಳಸುವವರ ಅಂಗೈಯಿಂದ, ಕೊನೆಗೆ ಅಭ್ಯಾಸದಿಂದ ತೀರ್ಮಾನವಾಗಬೇಕಾದ ವಿಷಯ.

ಯಂತ್ರದ ಪರಿಚಯ

ಅರೆಸ್ವಯಂಚಾಲಿತ ಪಿಸ್ತೂಲು ಎಂದರೆ ಟ್ರಿಗರನ್ನು ಒಮ್ಮೆ ಒತ್ತಿದರೆ ಒಂದೇ ಗುಂಡು ಹಾರಿಸಿ, ಮುಂದಿನ ಗುಂಡನ್ನು ತಾನಾಗಿಯೇ ಸಿದ್ಧಪಡಿಸಿಕೊಳ್ಳುವ ಕೈಬಂದೂಕು. ಗುಂಡು, ಮದ್ದು ಮತ್ತು ಕಿಡಿ ಹೊತ್ತಿಸುವ ಕೇಪು ಒಂದೇ ಹಿತ್ತಾಳೆ ಕೊಳವೆಯಲ್ಲಿ ಅಡಕವಾಗಿರುವ ಘಟಕಕ್ಕೆ ತೋಟೆ ಎನ್ನುತ್ತಾರೆ. ಇಂಥ ತೋಟೆಗಳು ಹಿಡಿಯೊಳಗೆ ಸೇರಿಸುವ ಮ್ಯಾಗಜಿನ್ ಎಂಬ ಲೋಹದ ಡಬ್ಬಿಯಲ್ಲಿ ಒಂದರ ಮೇಲೊಂದು ಕೂತಿರುತ್ತವೆ, ಅಡಿಯ ಸ್ಪ್ರಿಂಗ್ ಅವನ್ನು ಮೇಲಕ್ಕೆ ನೂಕುತ್ತಿರುತ್ತದೆ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಹೊದಿಕೆಗೆ ಸ್ಲೈಡ್ ಎಂದು ಹೆಸರು. ಗುಂಡು ಹಾರಿದಾಗ ಹಿಮ್ಮೆಟ್ಟುವ ಬಲದಿಂದ ಸ್ಲೈಡ್ ಹಿಂದೆ ಸರಿದು ಖಾಲಿ ಕೊಳವೆಯನ್ನು ಹೊರಗೆಸೆಯುತ್ತದೆ. ಸ್ಪ್ರಿಂಗಿನ ಒತ್ತಡಕ್ಕೆ ಮರಳುವಾಗ ಮ್ಯಾಗಜಿನ್ನಿನ ಮೇಲಿನ ತೋಟೆಯನ್ನು ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಕುಳಿಗೆ, ತಳ್ಳುತ್ತದೆ. ರಿವಾಲ್ವರಿನಲ್ಲಿ ಈ ಕೆಲಸವನ್ನು ತಿರುಗುವ ಸಿಲಿಂಡರ್ ಮಾಡುವುದರಿಂದ ಅಲ್ಲಿ ಎಷ್ಟು ಗುಂಡುಗಳಿವೆ ಎಂಬುದು ಹೊರಗಿನಿಂದಲೇ ಬಹುಮಟ್ಟಿಗೆ ಕಾಣುತ್ತದೆ. ಪಿಸ್ತೂಲಿನಲ್ಲಾದರೋ ಚೇಂಬರಿನಲ್ಲಿ ತೋಟೆಯಿದೆಯೇ ಎಂಬುದು ಸ್ಲೈಡನ್ನು ಹಿಂದಕ್ಕೆಳೆದು ನೋಡುವ ತನಕ ಖಚಿತವಾಗದು. ಪಿಸ್ತೂಲಿನ ಅಪಘಾತಗಳಲ್ಲಿ ಅನೇಕವು ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

'ಕಾಂಪ್ಯಾಕ್ಟ್' ಎಂಬ ವಿಂಗಡಣೆಗೆ ಕಾನೂನಿನ ವ್ಯಾಖ್ಯೆ ಇಲ್ಲ. ಅದು ತಯಾರಕರ ರೂಢಿ. ಪೂರ್ಣ ಗಾತ್ರದ ಪಿಸ್ತೂಲಿಗಿಂತ ನಳಿಗೆ ಮತ್ತು ಹಿಡಿಗಳನ್ನು ತುಸು ತಗ್ಗಿಸಿದ್ದನ್ನು ಕಾಂಪ್ಯಾಕ್ಟ್ ಎಂದೂ, ಕಿಸೆಯಲ್ಲಿ ಅಡಗುವಷ್ಟು ಕುಗ್ಗಿಸಿದ್ದನ್ನು ಸಬ್‌ಕಾಂಪ್ಯಾಕ್ಟ್ ಎಂದೂ ಕರೆಯುತ್ತಾರೆ. ಜರ್ಮನಿಯ ವಾಲ್ಥರ್ ಕಂಪನಿ 1929ರಲ್ಲಿ ಹೊರತಂದ ಪಿ.ಪಿ. ಮಾದರಿಯ ನಳಿಗೆ ಸುಮಾರು 98 ಮಿಲಿಮೀಟರ್. 1931ರಲ್ಲಿ ಅದನ್ನೇ ಕಿರಿದಾಗಿಸಿದ ಪಿ.ಪಿ.ಕೆ. ಮಾದರಿಯದು ಸುಮಾರು 83 ಮಿಲಿಮೀಟರ್. ಈ ಕುಗ್ಗುವಿಕೆಯಲ್ಲಿ .32 ತೋಟೆಯ ಮ್ಯಾಗಜಿನ್ನಿನ ಸಾಮರ್ಥ್ಯ ಎಂಟರಿಂದ ಏಳಕ್ಕೆ ಇಳಿಯಿತು, ಹಿಡಿಯೂ ಗಿಡ್ಡಾಯಿತು. ಇತ್ತೀಚಿನ ಪ್ರಸಿದ್ಧ ಉದಾಹರಣೆಯಾದ ಆಸ್ಟ್ರಿಯಾದ ಗ್ಲಾಕ್ ಕಂಪನಿಯ 19ನೇ ಮಾದರಿ 1988ರಲ್ಲಿ ಬಂದಾಗ ಅದರ ನಳಿಗೆ 102 ಮಿಲಿಮೀಟರ್ ಇತ್ತು. ಅದರ ಹಿರಿಯ ಮಾದರಿ 17ರದು 114. ಕಡಿತ ಒಂದು ಸೆಂಟಿಮೀಟರಿನ ಆಸುಪಾಸಿನಷ್ಟೇ ಎನಿಸಿದರೂ ಹಿಡಿತ, ಗುರಿ ಮತ್ತು ಹಿಮ್ಮೆಟ್ಟುವಿಕೆ ಈ ಮೂರರ ಮೇಲೂ ಅದರ ಪರಿಣಾಮ ಬೀಳುತ್ತದೆ.

ಕಾನೂನು ಎಳೆಯುವ ಮೊದಲ ಗೆರೆ

ಬೇರೆ ದೇಶಗಳ ಪತ್ರಿಕೆಗಳಲ್ಲಿ ಪಿಸ್ತೂಲಿನ ಆಯ್ಕೆಯ ಚರ್ಚೆ ತೋಟೆಯ ಬಲದಿಂದ ಆರಂಭವಾದರೆ, ಭಾರತದಲ್ಲಿ ಅದು ಪರವಾನಗಿಯಿಂದ ಆರಂಭವಾಗಬೇಕು. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳು ಬಂದೂಕುಗಳನ್ನು ನಿಷೇಧಿತ ಮತ್ತು ನಿಷೇಧಿತವಲ್ಲದ ಬೋರ್ ಎಂದು ವಿಂಗಡಿಸುತ್ತವೆ. ಬೋರ್ ಎಂದರೆ ನಳಿಗೆಯ ಒಳವ್ಯಾಸದ ಅಳತೆ. ಪೊಲೀಸ್ ಮತ್ತು ಸೇನಾಪಡೆಗಳು ಬಳಸುವ 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರ್ ವರ್ಗಕ್ಕೆ ಸೇರಿದ್ದು, ಅದರ ಪರವಾನಗಿಯ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. ಸಾಮಾನ್ಯ ನಾಗರಿಕರಿಗೆ ಜಿಲ್ಲಾ ದಂಡಾಧಿಕಾರಿಗಳ ಪರವಾನಗಿಯ ಮೇಲೆ ದೊರೆಯಬಲ್ಲದ್ದು ಮುಖ್ಯವಾಗಿ .32 ಮತ್ತು .22 ಬೋರಿನ ಕೈಬಂದೂಕುಗಳು. ಅಮೆರಿಕದ ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿ, ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆಯ ಮೂಲಕ 1899ರಲ್ಲಿ ಬಳಕೆಗೆ ಬಂದ 7.65 ಎಂ.ಎಂ. ತೋಟೆಯನ್ನೇ ಇಲ್ಲಿನ ಪಿಸ್ತೂಲುಗಳಲ್ಲಿ .32 ಎಂದು ಕರೆಯುತ್ತಾರೆ. ಸರ್ಕಾರಿ ಆಯುಧ ಕಾರ್ಖಾನೆಗಳ 'ಅಶನಿ' ಪಿಸ್ತೂಲು ಈ ಬೋರಿನದು. 2014ರಲ್ಲಿ ಮಹಿಳೆಯರ ರಕ್ಷಣೆಯ ಹೆಸರಿನಲ್ಲಿ ಕಾನ್ಪುರದಿಂದ ಬಂದ 'ನಿರ್ಭೀಕ್' ಮತ್ತು 2023ರಲ್ಲಿ ಬಿಡುಗಡೆಯಾದ 'ಪ್ರಬಲ್' ರಿವಾಲ್ವರುಗಳೂ .32 ಬೋರಿನವೇ. ಸಾಮಾನ್ಯ ನಾಗರಿಕರು ವಿದೇಶದಿಂದ ಬಂದೂಕು ತರಿಸಿಕೊಳ್ಳುವ ದಾರಿ 1980ರ ದಶಕದಿಂದ ಮುಚ್ಚಿರುವುದರಿಂದ, ಅಂತರಜಾಲದಲ್ಲಿ ಕಾಣುವ ವಿದೇಶಿ 9 ಎಂ.ಎಂ. ಕಾಂಪ್ಯಾಕ್ಟ್ ಪಿಸ್ತೂಲುಗಳ ಹೋಲಿಕೆ ಇಲ್ಲಿನ ಓದುಗರಿಗೆ ತಿಳಿವಳಿಕೆಯ ಮಟ್ಟಿಗಷ್ಟೇ ಉಪಯುಕ್ತ.

ಪರವಾನಗಿ ಪಡೆಯುವುದರಲ್ಲಿಯೂ ಬಂದೂಕಿಗೂ ಪಿಸ್ತೂಲಿಗೂ ಭೇದವಿದೆ. ಕಾಯ್ದೆಯ 13ನೇ ಪ್ರಕರಣವು ನಿಗದಿತ ಉದ್ದದ ನಯ ನಳಿಗೆಯ ಬಂದೂಕನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದವರನ್ನೂ, ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಕೇಳಿದವರನ್ನೂ ಒಂದು ಗುಂಪಾಗಿ ಕಂಡರೆ, ಉಳಿದ ಆಯುಧಗಳನ್ನು ಕೇಳಿದವರು ಅದಕ್ಕೆ ಸೂಕ್ತ ಕಾರಣವಿದೆಯೆಂದು ಅಧಿಕಾರಿಗೆ ಮನದಟ್ಟು ಮಾಡಬೇಕೆನ್ನುತ್ತದೆ. ಪಿಸ್ತೂಲು ಎರಡನೆಯ ಗುಂಪಿಗೆ ಸೇರುತ್ತದೆ. ಆದ್ದರಿಂದ ಹೊಲಕ್ಕೆ ಹಂದಿ ಬರುತ್ತದೆ ಎಂಬುದು ಪಿಸ್ತೂಲಿಗೆ ತಕ್ಕ ಕಾರಣವಾಗಲಾರದು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ ಇರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ, ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ, 2029ರವರೆಗೆ ಮುಂದುವರಿದಿರುವ ಪರವಾನಗಿ ವಿನಾಯಿತಿಯಂಥದ್ದು ತುಂಗಭದ್ರೆಯ ಈ ಸೀಮೆಯಲ್ಲಿಲ್ಲ. ಹಳೆಯ ಬಂದೂಕುಗಳಿರುವ ಮನೆಗೆ ಪಿಸ್ತೂಲು ಸೇರಿಸಬೇಕೆಂದಿದ್ದರೆ ಎರಡರ ಮಿತಿಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳಿತು.

ಹೊಸಪೇಟೆ ಕೇಂದ್ರವಾದ ವಿಜಯನಗರ ಜಿಲ್ಲೆ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಮೇಲೆ ಈ ನಾಲ್ಕು ಊರುಗಳು ಎರಡು ಜಿಲ್ಲಾಡಳಿತಗಳಿಗೆ ಹಂಚಿಹೋಗಿವೆ. ಹೊಸಪೇಟೆ ಮತ್ತು ಹಂಪಿಯವರು ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಗೂ, ಸಂಡೂರು ಮತ್ತು ಕಂಪ್ಲಿಯವರು ಬಳ್ಳಾರಿಯ ಕಚೇರಿಗೂ ಅರ್ಜಿ ಸಲ್ಲಿಸಬೇಕು. ಪರವಾನಗಿಯಲ್ಲಿ ಅದು ಎಲ್ಲಿಯವರೆಗೆ ಸಿಂಧು ಎಂಬುದು ನಮೂದಾಗಿರುತ್ತದೆ, ಈ ಸೀಮೆಯ ಭೂಗೋಳದಲ್ಲಿ ಆ ಸಾಲು ತುಂಬ ಮುಖ್ಯ: ಕಂಪ್ಲಿಯ ಸೇತುವೆ ದಾಟಿದರೆ ಗಂಗಾವತಿ ತಾಲ್ಲೂಕು, ಅಂದರೆ ಕೊಪ್ಪಳ ಜಿಲ್ಲೆ, ಬಳ್ಳಾರಿಯಿಂದ ರಾಯದುರ್ಗದ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಆಂಧ್ರಪ್ರದೇಶ. ದಿನನಿತ್ಯದ ವ್ಯವಹಾರಕ್ಕೆ ಗಡಿ ಅಡ್ಡಿಯಾಗದಿದ್ದರೂ ಆಯುಧಕ್ಕೆ ಅಡ್ಡಿಯಾಗುತ್ತದೆ.

ಇದಕ್ಕಿಂತ ಕಡಿಮೆ ಜನರಿಗೆ ತಿಳಿದಿರುವ ಕಟ್ಟಳೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಪ್ರಕರಣದಲ್ಲಿದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ದೂರದೊಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬೇಕು ಎಂಬುದರ ಜೊತೆಗೆ, ಆ ವ್ಯಾಪ್ತಿಯಲ್ಲಿ ಹೊಸ ಆಯುಧ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು ಎಂದೂ ಅದು ವಿಧಿಸುತ್ತದೆ. 1994ರಲ್ಲಿ ಘೋಷಣೆಯಾಗಿ, ಅನಂತರ ವಿಸ್ತರಣೆಗೊಂಡು ಇಂದು ಸುಮಾರು 82 ಚದರ ಕಿಲೋಮೀಟರ್ ಹರಡಿರುವ ದರೋಜಿ ಕರಡಿಧಾಮ ಈ ಸೀಮೆಯ ನಡುವೆಯೇ ಇದೆ. ಕಮಲಾಪುರ, ಬುಕ್ಕಸಾಗರ, ರಾಮಸಾಗರಗಳಂಥ ಊರುಗಳವರ ಅರ್ಜಿ ಪೊಲೀಸ್ ಠಾಣೆ ಮತ್ತು ಜಿಲ್ಲಾಡಳಿತದ ಜೊತೆಗೆ ಅರಣ್ಯ ಇಲಾಖೆಯ ಮೇಜನ್ನೂ ಹಾಯಬೇಕಾಗುವುದು ಈ ಕಾರಣದಿಂದ. ಅದೇ ಕಾಯ್ದೆಯ 31ನೇ ಪ್ರಕರಣದ ಪ್ರಕಾರ, ಪರವಾನಗಿ ಇದ್ದರೂ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ.

ತೂಕ, ತೋಟೆ ಮತ್ತು ಒದೆತ

ಗುಂಡು ಮುಂದೆ ಹಾರುವಾಗ ಪಿಸ್ತೂಲು ಹಿಂದೆ ಒದೆಯುತ್ತದೆ. ಮದ್ದಿನ ಅನಿಲದ ಪಾಲನ್ನು ಬದಿಗಿಟ್ಟು ನೋಡಿದರೆ, ಸುಮಾರು 4.6 ಗ್ರಾಂ ತೂಕದ .32 ಗುಂಡು ಸೆಕೆಂಡಿಗೆ 275 ಮೀಟರಿನ ಆಸುಪಾಸು ವೇಗದಲ್ಲಿ ಹೊರಟಾಗ ಉಂಟಾಗುವ ಒದೆತಕ್ಕಿಂತ, 8 ಗ್ರಾಂ ತೂಕದ 9 ಎಂ.ಎಂ. ಗುಂಡು 350 ಮೀಟರ್ ವೇಗದಲ್ಲಿ ಹೊರಟಾಗಿನ ಒದೆತ ಎರಡು ಪಟ್ಟಿಗೂ ಹೆಚ್ಚು. ಹೀಗಾಗಿ ಕಾನೂನು ಒತ್ತಾಯದಿಂದ ಮುಂದಿಟ್ಟ .32 ತೋಟೆ, ಹೊಸದಾಗಿ ಕಲಿಯುವವರ ಕೈಗೆ ಒಂದು ಅನುಕೂಲವನ್ನೇ ಮಾಡಿಕೊಟ್ಟಿದೆ. ಆದರೆ ತೋಟೆಯೊಂದೇ ಲೆಕ್ಕವನ್ನು ಮುಗಿಸುವುದಿಲ್ಲ. ಒಂದೇ ತೋಟೆಯನ್ನು ಹಾರಿಸುವ ಎರಡು ಪಿಸ್ತೂಲುಗಳಲ್ಲಿ ಹಿಮ್ಮೆಟ್ಟುವ ಶಕ್ತಿ ಪಿಸ್ತೂಲಿನ ತೂಕಕ್ಕೆ ವಿಲೋಮವಾಗಿರುತ್ತದೆ: 700 ಗ್ರಾಮಿನದರ ಬದಲು 500 ಗ್ರಾಮಿನದನ್ನು ಹಿಡಿದರೆ ಆ ಶಕ್ತಿ ಶೇಕಡ 40ರಷ್ಟು ಏರುತ್ತದೆ. ಅಂಗಡಿಯಲ್ಲಿ ಹಗುರವೆನಿಸಿ ಮೆಚ್ಚುಗೆಯಾದ ಪಿಸ್ತೂಲು ಗುರಿಮೈದಾನದಲ್ಲಿ ಹತ್ತು ಗುಂಡು ಹಾರುವಷ್ಟರಲ್ಲಿ ಹೆಬ್ಬೆರಳ ಬುಡವನ್ನು ನೋಯಿಸುತ್ತದೆ. ನೋವಿನ ನಿರೀಕ್ಷೆಯಲ್ಲಿ ಕೈ ಮೊದಲೇ ಬೆದರಿ ಅದುರುತ್ತದೆ, ಗುರಿ ತಪ್ಪುತ್ತದೆ, ಕೊನೆಗೆ ಅಭ್ಯಾಸವೇ ನಿಂತುಹೋಗುತ್ತದೆ.

ಯಂತ್ರದ ಒಳರಚನೆಗೂ ಇದರಲ್ಲಿ ಪಾಲಿದೆ. ಬಹಳಷ್ಟು .32 ಪಿಸ್ತೂಲುಗಳು ಬ್ಲೋಬ್ಯಾಕ್ ಎಂಬ ಸರಳ ವಿಧಾನದಲ್ಲಿ ಕೆಲಸ ಮಾಡುತ್ತವೆ, ಅಂದರೆ ನಳಿಗೆ ಅಲುಗಾಡದೆ ಇರುತ್ತದೆ, ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಿಗುವಷ್ಟೇ ಅದನ್ನು ಮುಚ್ಚಿ ಹಿಡಿದಿರುತ್ತವೆ. ಬಿಡಿಭಾಗಗಳು ಕಡಿಮೆಯಿರುವುದರಿಂದ ಬಾಳಿಕೆ ಬರುತ್ತದೆ, ಸ್ಥಿರವಾದ ನಳಿಗೆಯಿಂದ ಗುರಿಯೂ ನಿಖರವಾಗಿರುತ್ತದೆ. ಆದರೆ ಸ್ಪ್ರಿಂಗ್ ಬಿಗಿಯಾಗಿರಲೇಬೇಕಾದ್ದರಿಂದ ಸ್ಲೈಡನ್ನು ಎಳೆಯಲು ಹೆಚ್ಚು ಬಲ ಬೇಕು. ದೊಡ್ಡ ತೋಟೆಯ ಪಿಸ್ತೂಲುಗಳಲ್ಲಿ ನಳಿಗೆ ಮತ್ತು ಸ್ಲೈಡ್ ಕೊಂಚ ದೂರ ಒಟ್ಟಿಗೆ ಸರಿದು ಆಮೇಲೆ ಬಿಡಿಸಿಕೊಳ್ಳುವ ರಚನೆಯಿರುತ್ತದೆ, ಅಲ್ಲಿ ಸ್ಪ್ರಿಂಗ್ ಅಷ್ಟು ಗಡುಸಾಗಿರಬೇಕಿಲ್ಲ. ಸಣ್ಣ ತೋಟೆಯ ಸಣ್ಣ ಪಿಸ್ತೂಲಿನ ಸ್ಲೈಡ್ ಕೆಲವೊಮ್ಮೆ ದೊಡ್ಡದಕ್ಕಿಂತ ಗಟ್ಟಿಯೆನಿಸುವುದು ಹೀಗೆ. ಹಿರಿಯರು, ಸಂಧಿವಾತವಿರುವವರು ಮತ್ತು ಬೆರಳಿನ ಬಿಗಿ ಕಡಿಮೆಯಿರುವವರು ಕೊಳ್ಳುವ ಮೊದಲು ಖಾಲಿ ಪಿಸ್ತೂಲಿನ ಸ್ಲೈಡನ್ನು ಸತತವಾಗಿ ಕೆಲವು ಬಾರಿ ಪೂರ್ತಿ ಎಳೆದು ನೋಡಬೇಕು. ಅದು ಸಾಧ್ಯವಾಗದಿದ್ದರೆ ಸ್ಲೈಡೇ ಇಲ್ಲದ .32 ರಿವಾಲ್ವರು ಅವರಿಗೆ ಹೆಚ್ಚು ಹೊಂದುತ್ತದೆ.

ಅಂಗೈಯ ಅಳತೆ

ಕಂಪ್ಲಿಯ ಗದ್ದೆಗಳಲ್ಲಿ ಕಬ್ಬು ಕಡಿಯುವವರು ಮಚ್ಚಿನ ಅಲಗಿಗಿಂತ ಮೊದಲು ಅದರ ಹಿಡಿಯನ್ನು ಕೈಯಲ್ಲಿ ತೂಗಿ ನೋಡುವಂತೆ, ಪಿಸ್ತೂಲಿನಲ್ಲೂ ಪರೀಕ್ಷೆ ಹಿಡಿಯಿಂದಲೇ ಶುರುವಾಗಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಕವಲು ಹಿಡಿಯ ಹಿಂಬದಿಯಲ್ಲಿ ಸಾಧ್ಯವಾದಷ್ಟು ಮೇಲೆ ಕೂತಾಗ ನಳಿಗೆಯ ಗೆರೆ ಮುಂಗೈಯ ಗೆರೆಗೆ ನೇರವಾಗಿ ಬರಬೇಕು. ಆ ಸ್ಥಿತಿಯಲ್ಲೇ ತೋರುಬೆರಳ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ತಾನಾಗಿ ಬಂದು ನಿಂತರೆ ಅಳತೆ ಸರಿಯಾಗಿದೆ ಎಂದರ್ಥ. ಬೆರಳ ತುದಿಯಷ್ಟೇ ಮುಟ್ಟಿದರೆ ಒತ್ತುವಾಗ ಪಿಸ್ತೂಲು ಒಂದು ಬದಿಗೆ ನೂಕಿಸಿಕೊಳ್ಳುತ್ತದೆ, ಬೆರಳು ಸಂಧಿಯವರೆಗೂ ಒಳಹೊಕ್ಕರೆ ಇನ್ನೊಂದು ಬದಿಗೆ ಎಳೆಯಲ್ಪಡುತ್ತದೆ. ತೋಟೆಗಳು ಒಂದೇ ಸಾಲಿನಲ್ಲಿ ಕೂರುವ ಮ್ಯಾಗಜಿನ್ನಿನ ಹಿಡಿ ತೆಳುವಾಗಿದ್ದು ಸಣ್ಣ ಕೈಗೆ ಒಗ್ಗುತ್ತದೆ. ಎರಡು ಸಾಲಿನದು ದಪ್ಪವಾಗಿದ್ದು ಹೆಚ್ಚು ಗುಂಡು ಹಿಡಿದರೂ ಬೆರಳಿನ ನಿಲುಕನ್ನು ಕಡಿಮೆ ಮಾಡುತ್ತದೆ. ಹಿಡಿ ತೀರ ಗಿಡ್ಡಾಗಿ ಕಿರುಬೆರಳಿಗೆ ಜಾಗವೇ ಇಲ್ಲದಂತಾದರೆ, ಒದೆತದ ವೇಳೆ ಮೂತಿ ಮೇಲಕ್ಕೆ ನೆಗೆಯುವುದನ್ನು ತಡೆಯುವ ಬಲ ಕುಗ್ಗುತ್ತದೆ.

ಗುರಿ ನೋಡುವ ಹಿಂದಿನ ಮತ್ತು ಮುಂದಿನ ಗುರುತುಗಳ ನಡುವಿನ ಅಂತರವೂ ಗಾತ್ರದ ಜೊತೆಗೇ ಕುಗ್ಗುತ್ತದೆ. ಆ ಅಂತರ 160 ಮಿಲಿಮೀಟರ್ ಇರುವ ಪಿಸ್ತೂಲಿನಲ್ಲಿ ಮುಂದಿನ ಗುರುತು ಒಂದು ಮಿಲಿಮೀಟರ್ ಆಚೀಚೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 6 ಸೆಂಟಿಮೀಟರ್ ತಪ್ಪುತ್ತದೆ. ಅಂತರ 120 ಮಿಲಿಮೀಟರಿಗೆ ಇಳಿದರೆ ಅದೇ ತಪ್ಪು 8 ಸೆಂಟಿಮೀಟರ್ ದಾಟುತ್ತದೆ. ಸಣ್ಣ ಪಿಸ್ತೂಲು ತಾನಾಗಿ ತಪ್ಪು ಹಾರಿಸುವುದಿಲ್ಲ, ಹಿಡಿದವರ ತಪ್ಪನ್ನು ಹಿಗ್ಗಿಸುತ್ತದೆ ಎಂಬುದು ಇದರ ಸಾರ.

ಟ್ರಿಗರಿನ ಬಿಗುವು ಮತ್ತೊಂದು ಆಯ್ಕೆ. ಹೊಡೆಗುದುರೆ, ಅಂದರೆ ಪಿಸ್ತೂಲಿನ ಹಿಂಬದಿಯಲ್ಲಿ ಬಿದ್ದು ಕೇಪಿಗೆ ಪೆಟ್ಟು ಕೊಡುವ ಭಾಗ, ಮೊದಲೇ ಹಿಂದಕ್ಕೆ ಮಡಿದು ನಿಂತಿದ್ದರೆ ಟ್ರಿಗರ್ ಹಗುರವಾಗಿರುತ್ತದೆ. ಅದನ್ನು ಎತ್ತುವ ಕೆಲಸವನ್ನೂ ಟ್ರಿಗರೇ ಮಾಡಬೇಕಾದಾಗ ಮೊದಲ ಒತ್ತು ಉದ್ದವೂ ಬಿಗಿಯೂ ಆಗಿರುತ್ತದೆ. ಹಗುರ ಟ್ರಿಗರ್ ಗುರಿಗೆ ಒಳ್ಳೆಯದು, ಅಜಾಗರೂಕ ಬೆರಳಿಗೆ ಕೆಟ್ಟದ್ದು. ಹಳೆಯ ಕೈಬದಲಿನ ಪಿಸ್ತೂಲನ್ನು ಕೊಳ್ಳುವವರು ಕೈಯಿಂದ ಸರಿಸುವ ಸೇಫ್ಟಿ ಕೀಲಿ ಗಟ್ಟಿಯಾಗಿ ಕೂರುತ್ತದೆಯೇ, ಕೆಳಗೆ ಬಿದ್ದರೂ ಗುಂಡು ಹಾರದಂತೆ ತಡೆಯುವ ಒಳ ವ್ಯವಸ್ಥೆ ಆ ಮಾದರಿಯಲ್ಲಿದೆಯೇ, ಸ್ಪ್ರಿಂಗುಗಳ ಬಿಗುವು ಉಳಿದಿದೆಯೇ ಎಂಬುದನ್ನು ಪರವಾನಗಿ ಪಡೆದ ಆಯುಧ ವ್ಯಾಪಾರಿಯಿಂದಲೇ ಪರೀಕ್ಷಿಸಿಕೊಳ್ಳಬೇಕು. ಕಳೆದ ಶತಮಾನದ ಮೊದಲ ದಶಕಗಳ ಅನೇಕ ಕಿಸೆ ಪಿಸ್ತೂಲುಗಳಲ್ಲಿ ಬಿದ್ದಾಗ ತಡೆಯುವ ಆ ವ್ಯವಸ್ಥೆ ಇಲ್ಲ.

ಹಿಡಿಯುವ ಕ್ರಮ

ಪಿಸ್ತೂಲನ್ನು ಕೈಗೆತ್ತಿಕೊಳ್ಳುವ ಪ್ರತಿ ಸಲವೂ ಅದರಲ್ಲಿ ಗುಂಡಿದೆ ಎಂದೇ ಭಾವಿಸುವುದು, ಮೂತಿಯನ್ನು ಯಾರಿಗೂ ಅಪಾಯವಾಗದ ದಿಕ್ಕಿಗೆ ಮಾತ್ರ ತಿರುಗಿಸುವುದು, ಹಾರಿಸುವ ನಿರ್ಧಾರವಾಗುವ ತನಕ ಬೆರಳನ್ನು ಟ್ರಿಗರಿನ ಹೊರಗೆ ಚೌಕಟ್ಟಿನ ಉದ್ದಕ್ಕೆ ಚಾಚಿ ಇಡುವುದು, ಗುರಿಯ ಜೊತೆಗೆ ಗುರಿಯ ಹಿಂದೆ ಏನಿದೆ ಎಂಬುದನ್ನೂ ಅರಿತಿರುವುದು - ಈ ನಾಲ್ಕು ಕಟ್ಟಳೆಗಳನ್ನು ತರಬೇತುದಾರರು ಸಾಮಾನ್ಯವಾಗಿ ಮೊದಲ ದಿನವೇ ಹೇಳಿಕೊಡುತ್ತಾರೆ. ಇವುಗಳಲ್ಲಿ ಒಂದು ತಪ್ಪಿದಾಗ ಉಳಿದ ಮೂರು ಕಾಪಾಡುವಂತೆ ಇವನ್ನು ಹೆಣೆಯಲಾಗಿದೆ.

ಪಿಸ್ತೂಲನ್ನು ಖಾಲಿ ಮಾಡುವ ಕ್ರಮದಲ್ಲಿ ಹಿಂದುಮುಂದಾಗಬಾರದು. ಮೊದಲು ಮ್ಯಾಗಜಿನ್ ಹೊರತೆಗೆಯಬೇಕು. ಅನಂತರ ಸ್ಲೈಡನ್ನು ಹಿಂದಕ್ಕೆಳೆದು ಚೇಂಬರಿನಲ್ಲಿದ್ದ ತೋಟೆಯನ್ನು ಹೊರಹಾಕಬೇಕು. ಸ್ಲೈಡನ್ನು ತೆರೆದೇ ಹಿಡಿದು ಚೇಂಬರನ್ನು ಕಣ್ಣಿನಿಂದ ನೋಡಿ, ಬೆಳಕು ಸಾಲದಿದ್ದರೆ ಕಿರುಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮ್ಯಾಗಜಿನ್ ಒಳಗಿರುವಾಗಲೇ ಮೊದಲು ಸ್ಲೈಡ್ ಎಳೆದರೆ ಒಂದು ತೋಟೆ ಹೊರಬಿದ್ದು ಇನ್ನೊಂದು ಚೇಂಬರಿಗೆ ಸೇರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು ಆಯುಧ ಖಾಲಿಯಾಯಿತೆಂದು ನಂಬಿ ಟ್ರಿಗರ್ ಒತ್ತುವವರ ಕೈಯಲ್ಲಿ ತುಂಬಿದ ಪಿಸ್ತೂಲೇ ಇರುತ್ತದೆ.

ಸ್ಲೈಡ್ ಗಟ್ಟಿಯೆನಿಸುವವರಿಗೆ ತೋಳ್ಬಲಕ್ಕಿಂತ ವಿಧಾನ ನೆರವಾಗುತ್ತದೆ. ಪಿಸ್ತೂಲನ್ನು ಎದೆಯ ಸಮೀಪಕ್ಕೆ ತಂದು, ಮೂತಿಯನ್ನು ಸುರಕ್ಷಿತ ದಿಕ್ಕಿಗೇ ಇಟ್ಟುಕೊಂಡು, ಎಡಗೈಯ ಅಂಗೈಯನ್ನು ಸ್ಲೈಡಿನ ಹಿಂಭಾಗದ ಗೀರುಗಳ ಮೇಲೆ ಕವುಚಿ ಹಿಡಿದು, ಎಡಗೈ ಹಿಂದಕ್ಕೆಳೆಯುವ ಹೊತ್ತಿಗೆ ಬಲಗೈ ಹಿಡಿಯನ್ನು ಮುಂದಕ್ಕೆ ನೂಕಬೇಕು. ಎರಡು ಬೆರಳುಗಳ ಚಿವುಟುಹಿಡಿತಕ್ಕಿಂತ ಇಡೀ ಅಂಗೈಯ ಹಿಡಿತಕ್ಕೂ ಭುಜದ ಸ್ನಾಯುಗಳಿಗೂ ಬಲ ಹೆಚ್ಚು. ಸ್ಲೈಡನ್ನು ಕೊನೆಯವರೆಗೂ ಎಳೆದು ಒಮ್ಮೆಲೇ ಬಿಟ್ಟುಬಿಡಬೇಕು. ಕೈಹಿಡಿದು ಮೆಲ್ಲಗೆ ಮುಂದೆ ಕಳಿಸಿದರೆ ತೋಟೆ ಅರ್ಧದಲ್ಲಿ ಸಿಕ್ಕಿಕೊಳ್ಳಬಹುದು. ಹಾರಿಸುವಾಗ ಬಲಗೈಯ ಹಿಡಿಯಲ್ಲಿ ಉಳಿದ ತೆರಪನ್ನು ಎಡಗೈಯ ಅಂಗೈ ತುಂಬಬೇಕು, ಎರಡೂ ಹೆಬ್ಬೆರಳುಗಳು ಒಂದೇ ಬದಿಯಲ್ಲಿ ಮುಂದಕ್ಕೆ ಚಾಚಿರಬೇಕು. ಎಡ ಹೆಬ್ಬೆರಳನ್ನು ಹಿಂದಿನಿಂದ ಅಡ್ಡ ಹಾಕಿದರೆ ಹಿಂದೆ ಸರಿಯುವ ಸ್ಲೈಡ್ ಅದರ ಚರ್ಮವನ್ನು ಸೀಳುತ್ತದೆ. ಮಣಿಕಟ್ಟು ಸಡಿಲವಾದರೆ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ಖಾಲಿ ಕೊಳವೆ ಸಿಕ್ಕಿಬೀಳಬಹುದು. ಹಗುರ ಪಿಸ್ತೂಲುಗಳಲ್ಲಿ ಈ ತೊಂದರೆ ಹೆಚ್ಚು.

ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ಏಕೆಂದರೆ ಕೇಪು ತಡವಾಗಿ ಹೊತ್ತುವ ಸಾಧ್ಯತೆಯಿದೆ. ಸದ್ದು ಮಂಕಾಗಿ ಕೇಳಿ ಒದೆತವೂ ಸಪ್ಪೆಯೆನಿಸಿದರೆ ಗುಂಡು ನಳಿಗೆಯಲ್ಲೇ ನಿಂತಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಸಿಡಿಯಬಹುದು. ಪಿಸ್ತೂಲಿನ ಸದ್ದು 140 ಡೆಸಿಬಲ್ ಮೀರುವುದರಿಂದ ಅಭ್ಯಾಸದ ಹೊತ್ತಿನಲ್ಲಿ ಕಿವಿಗೂ ಕಣ್ಣಿಗೂ ರಕ್ಷಣೆ ಬೇಕು, ಸೀಸದ ಧೂಳು ಅಂಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಊಟ ಮಾಡಬಾರದು. ಅಭ್ಯಾಸಕ್ಕೆ ಸ್ಥಳ ಹೊಲವೂ ಅಲ್ಲ, ಸಂಡೂರಿನ ಬೆಟ್ಟದ ಓರೆಯೂ ಅಲ್ಲ. ಬಂಡೆಗೆ ತಾಗಿದ ಗುಂಡು ಯಾವ ಕಡೆಗೆ ಚಿಮ್ಮುತ್ತದೆಂದು ಹೇಳಲಾಗದು. ರೈಫಲ್ ಸಂಘಗಳ ಅನುಮತಿ ಪಡೆದ ಗುರಿಮೈದಾನಗಳೂ, ಜಿಲ್ಲಾ ಪೊಲೀಸ್ ಇಲಾಖೆಗಳು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳೂ ಇದಕ್ಕೆ ತಕ್ಕ ಜಾಗಗಳು.

ಬಿಸಿಲು, ಬೆವರು, ಕೆಂಧೂಳು

ಪಿಸ್ತೂಲನ್ನು ಮೈಗೆ ತಾಗಿಸಿ ಹೊರುವುದರಿಂದ ಹವಾಮಾನದ ಪ್ರಭಾವ ಅದಕ್ಕೆ ನೇರವಾಗಿ ತಟ್ಟುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಬೆವರಿನ ಉಪ್ಪು ಹಳೆಯ ನೀಲಿ ಲೇಪದ ಉಕ್ಕಿಗೆ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಸಬಲ್ಲದು. ತುಕ್ಕುರೋಧಕ ಉಕ್ಕು ಅಥವಾ ಪಾಲಿಮರ್ ಚೌಕಟ್ಟಿನದಕ್ಕೆ ಈ ಭಯ ಕಡಿಮೆ. ಸಂಡೂರಿನ ಅದಿರು ರಸ್ತೆಗಳ ಕೆಂಧೂಳು ಎಣ್ಣೆಯ ಮೇಲೆ ಕೂತು ಅರೆಯುವ ಪುಡಿಯಂತಾಗುತ್ತದೆ, ಮ್ಯಾಗಜಿನ್ನಿನ ಸ್ಪ್ರಿಂಗನ್ನು ಮಂದಗೊಳಿಸುತ್ತದೆ. ಆದ್ದರಿಂದ ಇಲ್ಲಿ ಎಣ್ಣೆಯನ್ನು ಜಾರುವ ಭಾಗಗಳಿಗೆ ತೆಳುವಾಗಿ ಮಾತ್ರ ಸವರಿ, ಮ್ಯಾಗಜಿನ್ನಿನ ಒಳಭಾಗವನ್ನು ಒಣದಾಗಿಯೇ ಇಡಬೇಕು. ಚರ್ಮದ ಚೀಲ ತೇವ ಹಿಡಿಯುವುದರಿಂದ ಅದು ಹೊರಲಷ್ಟೇ ಯೋಗ್ಯ, ಕೂಡಿಡಲು ಅಲ್ಲ. ಮನೆಯಲ್ಲಿ ಪಿಸ್ತೂಲು ಖಾಲಿಯಾಗಿ, ಬೀಗ ಹಾಕಿದ ಉಕ್ಕಿನ ಪೆಟ್ಟಿಗೆಯಲ್ಲಿರಬೇಕು, ತೋಟೆಗಳು ಬೇರೆ ಬೀಗದಲ್ಲಿರಬೇಕು. ಮಕ್ಕಳಿರುವ ಮನೆಯಲ್ಲೂ, ಮನಸ್ಸು ಕುಗ್ಗಿದವರಿರುವ ಮನೆಯಲ್ಲೂ ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ಎಲ್ಲಿ ಒಯ್ಯಬಹುದು, ಯಾತಕ್ಕೆ ಒದಗುತ್ತದೆ

ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅದಕ್ಕೆಂದೇ ಇರುವ ಒರೆಯಲ್ಲಿರಬೇಕು. ಜಾತ್ರೆ, ಧಾರ್ಮಿಕ ಮೆರವಣಿಗೆ, ಜನಸಭೆ ಮತ್ತು ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ವಿಶೇಷ ಅನುಮತಿಯಿಲ್ಲದೆ ಅದನ್ನು ಒಯ್ಯುವಂತಿಲ್ಲ ಎಂಬುದು ಪರವಾನಗಿಯ ಷರತ್ತುಗಳಲ್ಲೇ ಇದೆ. ಇದನ್ನು ಈ ಸೀಮೆಗೆ ಅನ್ವಯಿಸಿ ನೋಡಿದರೆ ವಿರೂಪಾಕ್ಷನ ರಥೋತ್ಸವ, ಹಂಪಿ ಉತ್ಸವ, ಸಂಡೂರಿನ ಕುಮಾರಸ್ವಾಮಿ ಜಾತ್ರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ವಿದ್ಯಾರಣ್ಯ ಆವರಣ, ಸಂಡೂರಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರ ಎಲ್ಲವೂ ಪಿಸ್ತೂಲಿಗೆ ಹೊರಗು. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಚುನಾವಣಾ ನೀತಿಸಂಹಿತೆ ಜಾರಿಯಾದಾಗ, ಪರಿಶೀಲನಾ ಸಮಿತಿಯ ವಿನಾಯಿತಿ ಇಲ್ಲದವರು ಆಯುಧವನ್ನು ಠೇವಣಿ ಇಡಬೇಕು. ವಿಜಯನಗರ ಕ್ಷೇತ್ರದ ಮತದಾರರು 2018ರ ಮೇ, ಅದೇ ವರ್ಷದ ನವೆಂಬರ್, 2019ರ ಏಪ್ರಿಲ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಎರಡು ಉಪಚುನಾವಣೆಗಳೂ ಸೇರಿ, ನಾಲ್ಕು ಬಾರಿ ಮತಗಟ್ಟೆಗೆ ಹೋದದ್ದನ್ನು ನೆನೆದರೆ, ರಕ್ಷಣೆಯ ಪೂರ್ತಿ ಭಾರವನ್ನು ಪಿಸ್ತೂಲಿನ ಮೇಲೆ ಹೊರಿಸಿದವರು ಎಷ್ಟು ವಾರಗಳನ್ನು ಅದಿಲ್ಲದೆಯೇ ಕಳೆಯಬೇಕಾಯಿತೆಂಬುದು ತಿಳಿಯುತ್ತದೆ.

ಕಾಡುಪ್ರಾಣಿಗಳ ವಿಷಯದಲ್ಲಿ ಪಿಸ್ತೂಲಿನ ಉಪಯೋಗ ಇನ್ನೂ ಕಡಿಮೆ. .32 ಗುಂಡಿನ ಶಕ್ತಿ ಸುಮಾರು 175 ಜೂಲ್. 12 ಬೋರಿನ ಬಂದೂಕಿನ ತೋಟೆಯದು 2,000 ಜೂಲ್ ಮೀರುತ್ತದೆ. ನೂರು ಕಿಲೋ ದಾಟಬಲ್ಲ ಕರಡಿಗೆ ದಟ್ಟ ರೋಮ ಮತ್ತು ಗಟ್ಟಿ ತಲೆಬುರುಡೆಗಳಿರುವಾಗ ಸಣ್ಣ ಗುಂಡು ಅದನ್ನು ನಿಲ್ಲಿಸುವುದಕ್ಕಿಂತ ಗಾಯಗೊಳಿಸಿ ಕೆರಳಿಸುವ ಸಂಭವವೇ ಹೆಚ್ಚು. ಕರಡಿ ಮತ್ತು ಚಿರತೆ ಎರಡೂ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ ಕೃತ್ಯಕ್ಕೆ 11ನೇ ಪ್ರಕರಣ ರಕ್ಷಣೆ ಕೊಡುತ್ತದಾದರೂ ಬೆಳೆಯ ಹಾನಿಗೆ ಪ್ರತೀಕಾರವಾಗಿ ಕೊಂದವರಿಗೆ ಕೊಡುವುದಿಲ್ಲ. ಮನುಷ್ಯರ ವಿರುದ್ಧದ ಆತ್ಮರಕ್ಷಣೆಗೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ಮಿತಿ ಹಾಕಿವೆ: ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಆ ಹಕ್ಕು ಇಲ್ಲ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿಗೂ ಅದು ವಿಸ್ತರಿಸುವುದಿಲ್ಲ.

ಈ ಎಲ್ಲ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನಿಜವಾದ ಬೆದರಿಕೆಯಿದ್ದು ಪರವಾನಗಿ ದೊರೆತವರಿಗೆ ಒಪ್ಪುವುದು ಅತಿ ಚಿಕ್ಕ ಕಿಸೆ ಪಿಸ್ತೂಲಲ್ಲ. 600ರಿಂದ 700 ಗ್ರಾಂ ತೂಕದ, ಮೂರು ಬೆರಳುಗಳೂ ಹಿಡಿಯ ಮೇಲೆ ಕೂರುವ, ಸ್ಲೈಡನ್ನು ಸ್ವಂತ ಬಲದಿಂದ ಎಳೆಯಬಲ್ಲ ಮಧ್ಯಮ ಗಾತ್ರದ .32 ಪಿಸ್ತೂಲು. ಅದನ್ನು ಕೊಂಡ ಮೇಲೆ ಪರವಾನಗಿಯ ಮಿತಿಯೊಳಗಿನ ತೋಟೆಗಳಲ್ಲಿ ಒಂದು ಪಾಲನ್ನು ಪ್ರತಿವರ್ಷ ಗುರಿಮೈದಾನದಲ್ಲೇ ಖರ್ಚು ಮಾಡಬೇಕು, ಏಕೆಂದರೆ ವರ್ಷಗಟ್ಟಲೆ ಬೀಗದೊಳಗೆ ಕೂತ ಪಿಸ್ತೂಲು ಸಂಕಟದ ಗಳಿಗೆಯಲ್ಲಿ ಕೈಗೆ ಬಂದಾಗ ಅದು ಅಪರಿಚಿತ ಯಂತ್ರವಾಗಿರುತ್ತದೆ. ಅಷ್ಟು ಅಭ್ಯಾಸಕ್ಕೆ ಬಿಡುವಿಲ್ಲದವರೂ, ಹಂದಿ ಕರಡಿಗಳ ಕಾಟಕ್ಕಷ್ಟೇ ಆಯುಧ ಹುಡುಕುವವರೂ ಅದೇ ಹಣವನ್ನು ಹೊಲದ ಬೇಲಿಗೆ, ಅಂಗಳದ ದೀಪಕ್ಕೆ, ಗಟ್ಟಿ ಬಾಗಿಲಿಗೆ, ನಗದನ್ನು ಹೊತ್ತು ಸಾಗಿಸದೆ ಬ್ಯಾಂಕಿನ ಮೂಲಕ ಕಳಿಸುವ ವ್ಯವಸ್ಥೆಗೆ ಹಾಕಿದರೆ ಹೆಚ್ಚು ರಕ್ಷಣೆ ಪಡೆಯುತ್ತಾರೆ. ಅದಕ್ಕೆ ಪರವಾನಗಿಯೂ ಬೇಕಿಲ್ಲ, ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಬೇಕಾಗಿಯೂ ಇಲ್ಲ.